ಒಂಟಿಗೊರೆತದ ಗಿಟಾರು ಮತ್ತು ಅನುಕರಣದ ಪ್ರಶ್ನೆ

ಒಬ್ಬ ಕವಿಯ ಕಾವ್ಯ ಇನ್ನೊಬ್ಬನ ಕಾವ್ಯವನ್ನು ಹೋಲಿದರೆ ಅದನ್ನು ಕಳವು ಎನ್ನಬೇಕೋ ಪರಂಪರೆ ಎನ್ನಬೇಕೋ ಎಂಬುದು ನಮ್ಮ ಆಲಂಕಾರಿಕರು ಸಾವಿರ ವರ್ಷಗಳಿಗೂ ಹಿಂದೆ ಚರ್ಚಿಸಿದ ವಿಷಯ. ಆ ಚರ್ಚೆ ಕಾವ್ಯಕ್ಕೆ ಮಾತ್ರ ಸಲ್ಲತಕ್ಕದ್ದು, ತರಗತಿಯಲ್ಲಿ ಪಾಠವಾಗಿ ಮುಗಿಯತಕ್ಕದ್ದು ಎಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಆದರೆ ೨೦೦೫ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಎರಡು ವಿದ್ಯುತ್ ಗಿಟಾರುಗಳ ಆಕಾರವನ್ನು ಮುಂದಿಟ್ಟುಕೊಂಡು ಕೊಟ್ಟ ತೀರ್ಪನ್ನು ಓದಿದರೆ, ಆನಂದವರ್ಧನ ಎದ್ದು ಬಂದು ಕಟಕಟೆಯ ಪಕ್ಕದಲ್ಲಿ ನಿಂತಂತೆ ಭಾಸವಾಗುತ್ತದೆ. ಒಂದು ಕಡೆ ಗಿಬ್ಸನ್ ಎಂಬ ಹಳೆಯ ಮನೆತನ. ಇನ್ನೊಂದು ಕಡೆ ಪಾಲ್ ರೀಡ್ ಸ್ಮಿತ್ ಎಂಬ ಹೊಸ ಒಕ್ಕಲು. ವ್ಯಾಜ್ಯದ ವಸ್ತು, ಒಂದೇ ಹೆಗಲನ್ನು ಕೊರೆದ ಗಿಟಾರಿನ ಒಡಲು.

ಕನ್ನಡ ಪಾಠ ಹೇಳುವವನಿಗೆ ಗಿಟಾರಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ಮಗನೋ ಮಗಳೋ ವಿದ್ಯುತ್ ಗಿಟಾರು ಬೇಕೆಂದು ಹಟ ಹಿಡಿಯುವ ಮನೆಗಳು ನಮ್ಮ ಊರುಗಳಲ್ಲಿ ಈಗ ಅಪೂರ್ವವಲ್ಲ. ಹಾಗೆ ಕೇಳಿದಾಗ ತಂದೆತಾಯಿಗಳು ಹಾಕುವ ಮೊದಲ ಪ್ರಶ್ನೆ ‘ಯಾವ ಕಂಪೆನಿಯದು?’ ಎಂಬುದೇ. ಈ ಪ್ರಶ್ನೆಗೆ ಅಂಗಡಿಯವನು ಕೊಡುವ ಉತ್ತರ ವ್ಯಾಪಾರದ್ದು. ಅಭಿಮಾನಿ ಕೊಡುವ ಉತ್ತರ ಭಕ್ತಿಯದು. ಇವೆರಡನ್ನೂ ಬಿಟ್ಟು ವಿಮರ್ಶೆಯ ಉತ್ತರವೊಂದು ಸಾಧ್ಯವೆ ಎಂದು ನೋಡುವುದೇ ಈ ಲೇಖನದ ಉದ್ದೇಶ.

ಕೊರೆತದ ಕಥೆ

ಗಿಟಾರಿನ ಕತ್ತು ಒಡಲನ್ನು ಸೇರುವೆಡೆಯಲ್ಲಿ ಎರಡು ಹೆಗಲುಗಳಿರುತ್ತವೆ. ಕೆಳಗಿನ ಹೆಗಲನ್ನು ಕೊರೆದು ತೆಗೆದರೆ ಎಡಗೈಯ ಬೆರಳು ತಾರಸ್ಥಾಯಿಯ ಮೆಟ್ಟುಗಳನ್ನು ಸುಲಭವಾಗಿ ಮುಟ್ಟುತ್ತದೆ. ಒಂದೇ ಹೆಗಲನ್ನು ಕೊರೆದರೆ ಒಂಟಿಗೊರೆತ. ಎರಡನ್ನೂ ಕೊರೆದರೆ ಜೋಡಿಗೊರೆತ. ಇದು ಮೂಲತಃ ಅಲಂಕಾರವಲ್ಲ, ಅನುಕೂಲ. ಇದನ್ನು ಕಂಡುಹಿಡಿದವರು ಗಿಬ್ಸನ್ನರೂ ಅಲ್ಲ. ಮಾರಿಯೊ ಮಕಾಫೆರಿ ೧೯೩೨ರಲ್ಲಿ ಪ್ಯಾರಿಸ್ಸಿನ ಸೆಲ್ಮರ್ ಕಂಪೆನಿಗಾಗಿ ರೂಪಿಸಿದ ಗಿಟಾರಿನಲ್ಲಿ ಕೊರೆತವಿತ್ತು; ಜ್ಯಾಂಗೋ ರೈನ್‌ಹಾರ್ಟ್ ಆ ಗಿಟಾರಿನಿಂದಲೇ ಲೋಕಪ್ರಸಿದ್ಧನಾದ. ಪಾಲ್ ಬಿಗ್ಸ್‌ಬಿ ೧೯೪೮ರಲ್ಲಿ ಮರ್ಲ್ ಟ್ರಾವಿಸ್ ಎಂಬ ವಾದಕನಿಗೆ ಮಾಡಿಕೊಟ್ಟ ಗಟ್ಟಿ ಒಡಲಿನ ವಿದ್ಯುತ್ ಗಿಟಾರಿಗೂ ಒಂದೇ ಕೊರೆತ. ಲಿಯೊ ಫೆಂಡರ್ ೧೯೫೦ರಲ್ಲಿ ಮಾರುಕಟ್ಟೆಗೆ ತಂದು ಮರುವರ್ಷ ‘ಟೆಲಿಕಾಸ್ಟರ್’ ಎಂದು ಹೆಸರಿಟ್ಟ ಗಿಟಾರಿಗೂ ಒಂದೇ ಕೊರೆತ. ಗಿಬ್ಸನ್ ಕಂಪೆನಿಯ ‘ಲೆಸ್ ಪಾಲ್’ ಬಂದದ್ದು ಆಮೇಲೆ, ೧೯೫೨ರಲ್ಲಿ.

ಆದರೂ ಇಂದು ಒಂಟಿಗೊರೆತ ಎಂದೊಡನೆ ಜಗತ್ತಿನ ಕಣ್ಣಿಗೆ ಕಟ್ಟುವುದು ಆ ಲೆಸ್ ಪಾಲ್ ಗಿಟಾರಿನ ಆಕಾರವೇ. ಕಾರಣವಿಲ್ಲದೆ ಹಾಗಾಗಲಿಲ್ಲ. ಫೆಂಡರನ ಗಿಟಾರು ಹಲಗೆಯನ್ನು ಕತ್ತರಿಸಿ ಕತ್ತನ್ನು ತಿರುಪಿನಿಂದ ಬಿಗಿದ ಸರಳ ವಸ್ತು. ಗಿಬ್ಸನ್ನರದು ಪಿಟೀಲಿನ ವಂಶದ ನೆನಪನ್ನು ಉಳಿಸಿಕೊಂಡ ವಸ್ತು: ಮಹಾಗನಿಯ ಒಡಲು, ಅದರ ಮೇಲೆ ಉಬ್ಬಾಗಿ ಕೆತ್ತಿದ ಮೇಪಲ್ ಹೊದಿಕೆ, ಅಂಟಿನಿಂದ ಕೂಡಿಸಿದ ಕತ್ತು. ಗಟ್ಟಿಮರದ ಗಿಟಾರಿಗೆ ಉಬ್ಬಿದ ಎದೆ ಕೆಲಸದ ದೃಷ್ಟಿಯಿಂದ ಬೇಕೇಬೇಕೆಂದೇನೂ ಇಲ್ಲ. ಆದರೆ ಹಳೆಯ ವಾದ್ಯದ ಘನತೆ ಹೊಸ ವಾದ್ಯಕ್ಕೂ ಇರಲಿ ಎಂಬ ಹಂಬಲ ಅದರಲ್ಲಿದೆ. ಹೊಸಗನ್ನಡದ ಕವಿ ಷಟ್ಪದಿಯ ನಡೆಯನ್ನು ಒಳಗೇ ಇಟ್ಟುಕೊಂಡು ಹೊಸ ಛಂದಸ್ಸನ್ನು ಕಟ್ಟಿದ ಹಾಗೆ.

ಕರ್ತೃ ಯಾರು?

ಕೃತಿ ಸಿಕ್ಕಿತು, ಕರ್ತೃ ಯಾರು? ಹೆಸರು ಲೆಸ್ ಪಾಲ್ (೧೯೧೫–೨೦೦೯) ಎಂಬ ವಾದಕನದು. ಈತ ೧೯೪೦ರ ಸುಮಾರಿಗೇ ನಾಲ್ಕು ಅಂಗುಲ ದಪ್ಪದ ಪೈನ್ ತೊಲೆಯೊಂದಕ್ಕೆ ತಂತಿ ಕಟ್ಟಿ, ನೋಡುವವರ ಸಮಾಧಾನಕ್ಕಾಗಿ ಅದರ ಎರಡು ಪಕ್ಕಕ್ಕೂ ಗಿಟಾರಿನ ಅರ್ಧರ್ಧ ಒಡಲನ್ನು ಸೇರಿಸಿ ನುಡಿಸಿದವನು. ಆ ‘ತೊಲೆ’ಯನ್ನು ಗಿಬ್ಸನ್ ಕಂಪೆನಿಗೆ ತೋರಿಸಿದಾಗ ಅವರು ನಕ್ಕು ಕಳಿಸಿದರಂತೆ. ಫೆಂಡರನ ಗಿಟಾರು ಮಾರಾಟವಾಗತೊಡಗಿದ ಮೇಲೆ ನಗು ನಿಂತಿತು. ಆಗ ಕಂಪೆನಿಯ ಅಧ್ಯಕ್ಷನಾಗಿದ್ದವನು ಟೆಡ್ ಮೆಕಾರ್ಟಿ. ಗಿಟಾರನ್ನು ರೂಪಿಸಿದ್ದು ಮೆಕಾರ್ಟಿಯ ಕಾರ್ಖಾನೆ. ಅದಕ್ಕೆ ಹೆಸರು ಕೊಟ್ಟು ಲೋಕದ ಮುಂದೆ ನುಡಿಸಿದವನು ಲೆಸ್ ಪಾಲ್. ರೂಪದಲ್ಲಿ ಯಾರ ಪಾಲು ಎಷ್ಟು ಎಂಬುದರಲ್ಲಿ ಇವರಿಬ್ಬರ ಹೇಳಿಕೆಗಳು ಕೊನೆಯವರೆಗೂ ಹೊಂದಲಿಲ್ಲ. ಮೆಕಾರ್ಟಿಯ ಪ್ರಕಾರ ವಾದಕನ ಸ್ವಂತ ಕೊಡುಗೆ ಮುಖ್ಯವಾಗಿ ತಂತಿಗಳನ್ನು ಹಿಡಿಯುವ ಹಿಂಬದಿಯ ಸರಳು. ೧೯೫೨ರ ಮಾದರಿಯಲ್ಲಿ ತಂತಿಗಳು ಆ ಸರಳಿನ ಕೆಳಗಿನಿಂದ ಹಾಯಬೇಕಾಗಿ ಬಂದು ಬಲಗೈಗೆ ತೊಡಕಾಯಿತು. ಮರುವರ್ಷವೇ ಅದನ್ನು ಬದಲಾಯಿಸಿದರು.

ಇನ್ನೊಬ್ಬ ಕರ್ತೃವನ್ನು ಜನ ಮರೆಯುತ್ತಾರೆ. ತಂತಿಯ ಕೆಳಗಿರುವ ಅಯಸ್ಕಾಂತವನ್ನು ಸುತ್ತಿದ ಸುರುಳಿ ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾಡುತ್ತದೆ, ಇದೇ ಪಿಕಪ್ಪು. ಆದರೆ ಆ ಸುರುಳಿ ತಂತಿಯ ದನಿಯನ್ನಷ್ಟೇ ಅಲ್ಲ, ಸುತ್ತಲಿನ ವಿದ್ಯುತ್ತಿನ ಗುಂಯ್ಗಾಟವನ್ನೂ ಹಿಡಿಯುತ್ತದೆ. ಸೆತ್ ಲವರ್ ಎಂಬ ಗಿಬ್ಸನ್ ಕಂಪೆನಿಯ ತಂತ್ರಜ್ಞ ಎರಡು ಸುರುಳಿಗಳನ್ನು ವಿರುದ್ಧ ದಿಕ್ಕಿನಲ್ಲಿ ಜೋಡಿಸಿ, ಗುಂಯ್ಗಾಟ ಪರಸ್ಪರ ಅಳಿಸಿಹೋಗುವಂತೆಯೂ ತಂತಿಯ ದನಿ ಮಾತ್ರ ಕೂಡಿಬರುವಂತೆಯೂ ಮಾಡಿದ. ೧೯೫೭ರಿಂದ ಲೆಸ್ ಪಾಲ್ ಗಿಟಾರಿಗೆ ಈ ‘ಹಂಬಕರ್’ ಬಂತು. ಇಂದು ನಾವು ಲೆಸ್ ಪಾಲ್ ದನಿ ಎಂದು ಯಾವುದನ್ನು ಕೊಂಡಾಡುತ್ತೇವೆಯೋ ಅದರಲ್ಲಿ ಬಹುಪಾಲು ಈ ಸೆತ್ ಲವರನದು. ಅವನ ಹೆಸರು ಗಿಟಾರಿನ ತಲೆಯ ಮೇಲಿಲ್ಲ.

ಸಹೃದಯರ ಪಾಲು

ಈಗ ಕಥೆಯ ಮುಖ್ಯ ತಿರುವಿಗೆ ಬರೋಣ. ಸೂರ್ಯಾಸ್ತದ ಬಣ್ಣ ಬಳಿದ ಲೆಸ್ ಪಾಲ್ ಗಿಟಾರುಗಳು ೧೯೫೮ರಿಂದ ೧೯೬೦ರವರೆಗೆ ತಯಾರಾದವು. ಇಂದು ಅವುಗಳಿಗೆ ಮನೆಯ ಬೆಲೆಯಿದೆ. ಆಗ ಅವು ಸಾಕಷ್ಟು ಮಾರಾಟವಾಗಲಿಲ್ಲ. ೧೯೬೧ರಲ್ಲಿ ಗಿಬ್ಸನ್ ಕಂಪೆನಿ ಆ ಆಕಾರವನ್ನೇ ಕೈಬಿಟ್ಟು, ಎರಡು ಕೊಂಬಿನ ತೆಳ್ಳನೆಯ ಒಡಲನ್ನು ಅದರ ಸ್ಥಾನಕ್ಕೆ ತಂದಿತು. ಅಂದರೆ, ಮುಂದೆ ಯಾವ ಆಕಾರ ತನ್ನ ಸ್ವತ್ತೆಂದು ಕಂಪೆನಿ ನ್ಯಾಯಾಲಯದ ಮೆಟ್ಟಿಲನ್ನು ಹತ್ತಿತೋ ಅದೇ ಆಕಾರವನ್ನು ಏಳು ವರ್ಷ ಕಾಲ ತಾನೇ ಮಾಡದೆ ಬಿಟ್ಟಿತ್ತು.

ಆ ಏಳು ವರ್ಷಗಳಲ್ಲಿ ಅದನ್ನು ಬದುಕಿಸಿದವರು ಯಾರು? ಹಳೆಯ ಗಿಟಾರುಗಳನ್ನು ಕೊಂಡ ಬಡ ವಾದಕರು. ಇಂಗ್ಲೆಂಡಿನ ಎರಿಕ್ ಕ್ಲಾಪ್ಟನ್ ಅಂಥದೊಂದನ್ನು ಹಿಡಿದು, ಮಾರ್ಷಲ್ ಧ್ವನಿವರ್ಧಕದ ಗುಂಡಿಯನ್ನು ಇಂಜಿನಿಯರುಗಳು ಒಪ್ಪದಷ್ಟು ಮೇಲಕ್ಕೆ ತಿರುಗಿಸಿ, ಜಾನ್ ಮೇಯಲ್ಲನ ತಂಡದೊಡನೆ ನುಡಿಸಿದ ಧ್ವನಿಮುದ್ರಿಕೆ ಹೊರಬಂದದ್ದು ೧೯೬೬ರಲ್ಲಿ. ಅಮೆರಿಕದ ಮೈಕ್ ಬ್ಲೂಮ್‌ಫೀಲ್ಡ್ ಅದೇ ಕಾಲದಲ್ಲಿ ಅದೇ ದಾರಿಗೆ ಬಂದ. ದಪ್ಪ ಮರ, ಹಂಬಕರಿನ ಬಿರುಸು, ಸಿಡಿಯುವ ಧ್ವನಿವರ್ಧಕ: ಇವು ಮೂರೂ ಕೂಡಿದಾಗ ಹುಟ್ಟುವ, ಹಾಡುಗಾರನ ಗಂಟಲಿನಂತೆ ಎಳೆದು ನಿಲ್ಲುವ ದನಿಯನ್ನು ಮೆಕಾರ್ಟಿಯಾಗಲಿ ಲೆಸ್ ಪಾಲನಾಗಲಿ ಕನಸಿನಲ್ಲೂ ಕಂಡಿರಲಿಲ್ಲ. ಲೆಸ್ ಪಾಲನಿಗೆ ಬೇಕಾಗಿದ್ದುದು ಶುಭ್ರವಾದ ದನಿ. ಈ ಹುಡುಗರು ಕೃತಿಯಲ್ಲಿ ಕರ್ತೃವಿಗೇ ಕಾಣದ ಧ್ವನಿಯನ್ನು ಕಂಡರು. ಬೇಡಿಕೆ ಏರಿದ ಮೇಲೆ, ೧೯೬೮ರಲ್ಲಿ, ಕಂಪೆನಿ ತನ್ನ ಬಿಟ್ಟುಬಿಟ್ಟ ಮಗುವನ್ನು ಮತ್ತೆ ಎತ್ತಿಕೊಂಡಿತು.

ಇನ್ನೊಂದು ಉದಾಹರಣೆ ಇದಕ್ಕಿಂತ ಸ್ವಾರಸ್ಯವಾದದ್ದು. ಪೀಟರ್ ಗ್ರೀನ್ ಎಂಬ ವಾದಕನ ಲೆಸ್ ಪಾಲ್ ಗಿಟಾರಿನಲ್ಲಿ ಒಂದು ಪಿಕಪ್ಪಿನ ಅಯಸ್ಕಾಂತ ತಿರುವುಮುರುವಾಗಿ ಕೂತಿತ್ತು. ಎರಡು ಪಿಕಪ್ಪುಗಳನ್ನೂ ಒಟ್ಟಿಗೆ ತೆರೆದಾಗ ದನಿ ಟೊಳ್ಳಾಗಿ, ಮೂಗಿನಿಂದ ಬಂದಂತೆ ಕೇಳುತ್ತಿತ್ತು. ಕಾರ್ಖಾನೆಯ ದೃಷ್ಟಿಯಲ್ಲಿ ಅದು ದೋಷ. ಗ್ರೀನ್ ಅದನ್ನು ಸರಿಪಡಿಸಲಿಲ್ಲ. ಅದರಲ್ಲಿಯೇ ತನ್ನ ವಿಷಾದಕ್ಕೆ ತಕ್ಕ ದನಿಯನ್ನು ಕಂಡುಕೊಂಡ. ಆ ಗಿಟಾರು ಮುಂದೆ ಗ್ಯಾರಿ ಮೂರ್, ಕರ್ಕ್ ಹ್ಯಾಮೆಟ್ ಮೊದಲಾದವರ ಕೈಗೆ ಬಂತು. ಅದೇ ದೋಷವನ್ನು ಬೇಕೆಂದು ಮಾಡಿಸಿಕೊಳ್ಳುವವರೂ ಈಗ ಇದ್ದಾರೆ. ದೋಷವೂ ಒಮ್ಮೊಮ್ಮೆ ಗುಣವಾಗುತ್ತದೆಂದು ಲಾಕ್ಷಣಿಕರು ಹೇಳಿದ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ? ಕವಿಯ ಜೊತೆಗೆ ಸಹೃದಯನೂ ಸೇರಿದಾಗಲೇ ಕಾವ್ಯ ಪೂರ್ಣವಾಗುತ್ತದೆ ಎಂಬ ನಮ್ಮವರ ಸಿದ್ಧಾಂತ ಇಲ್ಲಿ ಅಕ್ಷರಶಃ ನಿಜವಾಗಿದೆ.

ಮೂರು ಬಗೆಯ ಹೋಲಿಕೆ

ಆನಂದವರ್ಧನ ‘ಧ್ವನ್ಯಾಲೋಕ’ದ ನಾಲ್ಕನೆಯ ಉದ್ಯೋತದಲ್ಲಿ ಕೃತಿಕೃತಿಗಳ ಹೋಲಿಕೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಕನ್ನಡಿಯ ಪ್ರತಿಬಿಂಬದಂಥದು ಮೊದಲನೆಯದು. ಅದಕ್ಕೆ ಸ್ವಂತ ಆತ್ಮವೇ ಇಲ್ಲ. ಚಿತ್ರದಲ್ಲಿ ಬರೆದ ರೂಪದಂಥದು ಎರಡನೆಯದು. ಅದಕ್ಕೆ ಆತ್ಮವಿದ್ದರೂ ಅದು ಕ್ಷುದ್ರ. ಇವೆರಡನ್ನೂ ಕವಿ ಬಿಡಬೇಕು. ಒಂದೇ ಬಗೆಯ ದೇಹವುಳ್ಳ ಇಬ್ಬರು ಮನುಷ್ಯರ ಹೋಲಿಕೆ ಮೂರನೆಯದು. ಅವರಿಗೆ ಮೂಗು ಕಣ್ಣು ಒಂದೇ ತೆರನಾಗಿರಬಹುದು, ಜೀವ ಬೇರೆ. ಇಂಥ ಹೋಲಿಕೆಯನ್ನು ಬಿಡಬೇಕಾಗಿಲ್ಲ. ರನ್ನನ ಗದಾಯುದ್ಧದ ಬೀಜ ಪಂಪಭಾರತದಲ್ಲಿದೆ. ಆದರೂ ರನ್ನನನ್ನು ಪಂಪನ ನೆರಳೆಂದು ಯಾರೂ ಹೇಳುವುದಿಲ್ಲ. ಪಂಪನ ವಂಶಸ್ಥರು ರನ್ನನ ಮೇಲೆ ದಾವೆ ಹೂಡಲೂ ಇಲ್ಲ.

ಈ ಮೂರು ಬಗೆಯನ್ನೂ ಗಿಟಾರಿನ ಚರಿತ್ರೆಯಲ್ಲಿ ಬೆರಳಿಟ್ಟು ತೋರಿಸಬಹುದು. ಎಪ್ಪತ್ತರ ದಶಕದಲ್ಲಿ ಜಪಾನಿನ ಕಾರ್ಖಾನೆಗಳು ಲೆಸ್ ಪಾಲ್ ಗಿಟಾರನ್ನು ಅಂಗುಲ ಅಂಗುಲವಾಗಿ ಅಳೆದು ಮಾಡಿದವು. ೧೯೭೭ರಲ್ಲಿ ಗಿಬ್ಸನ್ನಿನ ಅಂದಿನ ಒಡೆಯರಾದ ನಾರ್ಲಿನ್ ಕಂಪೆನಿಯವರು ಐಬನೀಜ್ ಗಿಟಾರುಗಳ ಅಮೆರಿಕದ ವ್ಯಾಪಾರಸಂಸ್ಥೆಯ ಮೇಲೆ ದಾವೆ ಹೂಡಿದರು. ವಿವಾದ ಗಿಟಾರಿನ ತಲೆಯ ಆಕಾರವನ್ನು ಕುರಿತದ್ದು. ಅದು ರಾಜಿಯಲ್ಲಿ ಮುಗಿಯಿತು. ಟೊಕಾಯ್ ಕಂಪೆನಿಯಂತೂ ೧೯೭೮ರಲ್ಲಿ ತನ್ನ ಗಿಟಾರಿನ ತಲೆಯ ಮೇಲೆ, ಗಿಬ್ಸನ್ನಿನ ಅಕ್ಷರದ ವಾಲನ್ನೇ ಅನುಕರಿಸಿ, ‘ಲೆಸ್ ಪಾಲ್ ರೀಬಾರ್ನ್’ ಎಂದು ಬರೆಯಿಸಿತು. ಇದು ಪ್ರತಿಬಿಂಬ. ಆದರೆ ವಿಮರ್ಶಕ ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಮೂಲದ ಮುಖವೇ ಆ ದಿನಗಳಲ್ಲಿ ಮಾಸಿತ್ತು. ನಾರ್ಲಿನ್ ಕಾಲದ ಗಿಬ್ಸನ್ ಗಿಟಾರುಗಳಲ್ಲಿ ತೂಕ ಹೆಚ್ಚಿತು, ಒಡಲನ್ನು ಹಲವು ಪದರಗಳಿಂದ ಅಂಟಿಸಿದರು, ಕೆಲಸದ ನಯ ಕುಗ್ಗಿತು. ಮೂಲಕ್ಕಿಂತ ಪ್ರತಿಬಿಂಬ ಸ್ಫುಟವಾಗಿ ಕಾಣಿಸಿದ ವಿಚಿತ್ರ ಕಾಲ ಅದು. ಆಗಿನ ಒಳ್ಳೆಯ ಜಪಾನೀ ಗಿಟಾರುಗಳನ್ನು ಈಗಲೂ ಹುಡುಕಿ ಕೊಳ್ಳುತ್ತಾರೆ.

ಚಿತ್ರದ ಹೋಲಿಕೆಗೆ ಎಪಿಫೋನ್ ಗಿಟಾರನ್ನು ಉದಾಹರಿಸಬಹುದು. ಒಂದು ಕಾಲಕ್ಕೆ ಗಿಬ್ಸನ್ನಿಗೆ ಎದುರಾಳಿಯಾಗಿದ್ದ ಈ ಮನೆತನವನ್ನು ೧೯೫೭ರಲ್ಲಿ ಗಿಬ್ಸನ್ನಿನ ಒಡೆಯರು ಕೊಂಡುಕೊಂಡರು. ಇಂದು ಅದೇ ಹೆಸರಿನಲ್ಲಿ ಅಗ್ಗದ ಲೆಸ್ ಪಾಲ್ ಗಿಟಾರುಗಳನ್ನು ಏಷ್ಯದ ಕಾರ್ಖಾನೆಗಳಲ್ಲಿ ಮಾಡಿಸುತ್ತಾರೆ. ಮೂಲದ ಒಡೆಯನೇ ಬರೆಯಿಸಿದ ಚಿತ್ರ ಇದು. ಕಳವಲ್ಲ, ಆದರೆ ಸಂಕ್ಷೇಪ. ಆನಂದವರ್ಧನ ಕವಿಗೆ ನಿಷೇಧಿಸಿದ್ದನ್ನು ಕಲಿಯುವ ವಿದ್ಯಾರ್ಥಿಗೆ ನಿಷೇಧಿಸಬೇಕಾಗಿಲ್ಲ. ಸಂಗ್ರಹ ಭಾರತವನ್ನು ಓದಿ ಮೂಲಕ್ಕೆ ಹೋದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ!

ನಡುವೆ ಒಂದು ವಿಶೇಷ ಪ್ರಸಂಗವಿದೆ. ಗಿಬ್ಸನ್ ಕಂಪೆನಿ ಬೆಳೆದದ್ದು ಮಿಷಿಗನ್ ಸಂಸ್ಥಾನದ ಕಲಮಜೂ ಎಂಬ ಊರಿನಲ್ಲಿ. ೧೯೮೪ರಲ್ಲಿ ಅಲ್ಲಿನ ಕಾರ್ಖಾನೆಯನ್ನು ಮುಚ್ಚಿ ಕೆಲಸವನ್ನೆಲ್ಲ ಟೆನೆಸಿಯ ನ್ಯಾಷ್‌ವಿಲ್ಲಿಗೆ ಸಾಗಿಸಿದರು. ಊರು ಬಿಡಲೊಪ್ಪದ ಕೆಲವು ಹಳೆಯ ಕೆಲಸಗಾರರು ೧೯೮೫ರಲ್ಲಿ ಅದೇ ಹಳೆಯ ಕಟ್ಟಡದಲ್ಲಿ ‘ಹೆರಿಟೇಜ್’ ಎಂಬ ಹೆಸರಿನಿಂದ ಗಿಟಾರು ಮಾಡತೊಡಗಿದರು. ಅವರ ಒಂಟಿಗೊರೆತದ ಗಿಟಾರು ಲೆಸ್ ಪಾಲನ್ನು ಬಹುವಾಗಿ ಹೋಲುತ್ತದೆ. ಬಿರುದು ಒಂದು ಕಡೆ, ಗದ್ದುಗೆ ಇನ್ನೊಂದು ಕಡೆ. ಪರಂಪರೆ ಯಾವ ಕಡೆ ಎಂದು ಕೇಳಿದರೆ, ಗುರುಮಠಗಳ ಇತಿಹಾಸ ಬಲ್ಲ ನಮಗೆ ಉತ್ತರ ಸುಲಭವಲ್ಲವೆಂಬುದು ಗೊತ್ತು.

ಹೊಗೆ ತುಂಬಿದ ಕೊಠಡಿ

ಪಾಲ್ ರೀಡ್ ಸ್ಮಿತ್ ೧೯೮೫ರಲ್ಲಿ ಮೇರಿಲ್ಯಾಂಡಿನಲ್ಲಿ ಕಂಪೆನಿ ಕಟ್ಟಿದ. ಅವನ ಮೊದಲಿನ ಗಿಟಾರುಗಳು ಜೋಡಿಗೊರೆತದವು. ಅವನು ಮಾಡಿದ ಒಂದು ಕೆಲಸ ವಿದ್ಯಾರ್ಥಿಗೆ ತಕ್ಕದ್ದು. ನಿವೃತ್ತನಾಗಿದ್ದ ಟೆಡ್ ಮೆಕಾರ್ಟಿಯನ್ನು ಹುಡುಕಿಕೊಂಡು ಹೋಗಿ, ಹಿಂದೆ ಹೇಗೆ ಮಾಡುತ್ತಿದ್ದಿರೆಂದು ಕೇಳಿ ತಿಳಿದು, ಅವನನ್ನು ಸಲಹೆಗಾರನನ್ನಾಗಿ ಮಾಡಿಕೊಂಡು, ೧೯೯೪ರಲ್ಲಿ ಒಂದು ಮಾದರಿಗೆ ಮೆಕಾರ್ಟಿಯ ಹೆಸರನ್ನೇ ಇಟ್ಟ. ಲೆಸ್ ಪಾಲ್ ಗಿಟಾರು ಹುಟ್ಟಿದಾಗ ಗಿಬ್ಸನ್ನಿನ ಅಧ್ಯಕ್ಷನಾಗಿದ್ದವನ ಹೆಸರು ಎದುರಾಳಿಯ ಗಿಟಾರಿಗೆ ಸಂದಿತು. ಉಪಾಧ್ಯಾಯನೊಬ್ಬನ ವಿದ್ಯೆಯನ್ನು ಮನೆಯ ಮಕ್ಕಳು ಕೇಳದೆ ಹೊರಗಿನ ಹುಡುಗ ಬಂದು ಕಲಿತುಕೊಂಡು ಹೋದಂತಾಯಿತು.

೨೦೦೦ದಲ್ಲಿ ಸ್ಮಿತ್ ಕಂಪೆನಿ ‘ಸಿಂಗಲ್‌ಕಟ್’ ಎಂಬ ಮಾದರಿಯನ್ನು ಹೊರತಂದಿತು. ಮಹಾಗನಿಯ ಒಡಲು, ಮೇಪಲ್ಲಿನ ಉಬ್ಬು ಹೊದಿಕೆ, ಎರಡು ಹಂಬಕರು, ಒಂದೇ ಕೊರೆತ. ಆ ವರ್ಷದ ನವೆಂಬರಿನಲ್ಲಿಯೇ ಗಿಬ್ಸನ್ ದಾವೆ ಹೂಡಿತು. ಲೆಸ್ ಪಾಲ್ ಒಡಲಿನ ಆಕಾರವೇ ತನ್ನ ವ್ಯಾಪಾರಮುದ್ರೆ ಎಂಬುದು ಅದರ ವಾದ. ೨೦೦೪ರಲ್ಲಿ ಟೆನೆಸಿಯ ಜಿಲ್ಲಾ ನ್ಯಾಯಾಲಯ ಗಿಬ್ಸನ್ನಿನ ಪರವಾಗಿ ತೀರ್ಪಿತ್ತು, ಸಿಂಗಲ್‌ಕಟ್ ತಯಾರಿಕೆಯನ್ನು ತಡೆಯಿತು. ೨೦೦೫ರ ಸೆಪ್ಟೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿತು. ೨೦೦೬ರಲ್ಲಿ ಸುಪ್ರೀಂ ಕೋರ್ಟು ಗಿಬ್ಸನ್ನಿನ ಅರ್ಜಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸುವುದರೊಂದಿಗೆ ವ್ಯಾಜ್ಯ ಮುಗಿಯಿತು.

ಮೇಲ್ಮನವಿಯ ವಾದದಲ್ಲಿಯೇ ಸ್ವಾರಸ್ಯವಿದೆ. ಗಿಟಾರನ್ನು ಕೊಳ್ಳುವಾಗ ಯಾರೂ ಮೋಸಹೋಗುವುದಿಲ್ಲವೆಂದು ಗಿಬ್ಸನ್ನರೇ ಒಪ್ಪಿದರು. ಸ್ಮಿತ್ ಗಿಟಾರಿನ ತಲೆಯ ಮೇಲೆ ಹೆಸರಿದೆ, ಕೊರೆತದ ಅಂಚಿನ ಕೆತ್ತನೆ ಬೇರೆ, ತಲೆಯ ಆಕಾರ ಬೇರೆ. ಹಾಗಾದರೆ ಭ್ರಾಂತಿ ಎಲ್ಲಿ? ಹೊಗೆ ತುಂಬಿದ ಪಾನಗೃಹದಲ್ಲಿ, ದೂರದ ಮೂಲೆಯಲ್ಲಿ ಕೂತ ಕೇಳುಗ ವೇದಿಕೆಯ ಮೇಲಿನ ಗಿಟಾರನ್ನು ನೋಡಿ ಗಿಬ್ಸನ್ ಎಂದುಕೊಳ್ಳಬಹುದು ಎಂಬುದು ಅವರ ತರ್ಕ. ಈ ತರ್ಕವನ್ನು ನ್ಯಾಯಾಲಯ ಒಪ್ಪಲಿಲ್ಲ. ದೂರದಿಂದ ಒಂದರಂತೆ ಒಂದು ಕಾಣುವುದೇ ಅಪರಾಧವಾದರೆ ಯಾವ ಎದುರಾಳಿಯೂ ಗಿಟಾರು ಮಾಡುವಂತಿಲ್ಲ. ಮೇಲಾಗಿ ಸ್ಮಿತ್ ಗಿಟಾರು ಉತ್ತಮ ದರ್ಜೆಯದೆಂದು ಗಿಬ್ಸನ್ನರೇ ಒಪ್ಪಿರುವಾಗ, ಅದನ್ನು ಗಿಬ್ಸನ್ ಎಂದು ಯಾರಾದರೂ ಭ್ರಮಿಸಿದರೂ ಗಿಬ್ಸನ್ನಿನ ಕೀರ್ತಿಗೆ ಕುಂದೇನು?

ನನ್ನ ಮಟ್ಟಿಗೆ ಈ ತೀರ್ಪು ಒಳ್ಳೆಯ ಸಾಹಿತ್ಯ ವಿಮರ್ಶೆ. ಹೊಗೆಯಾಚೆಯಿಂದ ನೋಡಿದರೆ ಎಲ್ಲ ಮಹಾಕಾವ್ಯಗಳೂ ಒಂದೇ. ಎಲ್ಲಕ್ಕೂ ಅಷ್ಟಾದಶ ವರ್ಣನೆಗಳಿವೆ. ಹತ್ತಿರ ಹೋಗಿ ಓದಿದಾಗ ಜೀವ ಬೇರೆಯೆಂದು ತಿಳಿಯುತ್ತದೆ. ದೂರದಲ್ಲಿ ನಿಂತು ‘ಇದು ಅದರ ನಕಲು’ ಎನ್ನುವವನು ವಿಮರ್ಶಕನಲ್ಲ. ಹೊಗೆಯಲ್ಲಿ ಕೂತ ಪ್ರೇಕ್ಷಕ. ಸ್ಮಿತ್ ಗಿಟಾರು ತುಲ್ಯದೇಹಿ, ಪ್ರತಿಬಿಂಬವಲ್ಲ. ಆದರೆ ಈ ಮಾತನ್ನು ಕಾನೂನಿನ ಬಲದಿಂದ ಅಲ್ಲ, ವಾದ್ಯದ ಅಂಗಾಂಗಗಳನ್ನು ನೋಡಿಯೇ ಸ್ಥಾಪಿಸಬೇಕು.

ಯಾವುದನ್ನು ಕೊಳ್ಳಬೇಕು?

ಮೊದಲು ತಂತಿಯ ಉದ್ದ. ಗಿಬ್ಸನ್ನಿನದು ಹೆಸರಿಗೆ ೨೪.೭೫ ಅಂಗುಲ, ಅಳೆದರೆ ತುಸು ಕಡಿಮೆ. ಫೆಂಡರಿನದು ೨೫.೫. ಸ್ಮಿತ್ತನ ಮೊದಲ ಸಿಂಗಲ್‌ಕಟ್ಟಿನದು ಇವೆರಡರ ನಡುವಿನ ೨೫. ಒಂದೇ ದಪ್ಪದ ತಂತಿಯನ್ನು ಒಂದೇ ಶ್ರುತಿಗೆ ಕೂಡಿಸಿದಾಗ ಬಿಗುಪು ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆದುದರಿಂದ ಗಿಬ್ಸನ್ನಿಗಿಂತ ಫೆಂಡರಿನ ತಂತಿ ನೂರಕ್ಕೆ ಆರರಷ್ಟು ಬಿಗಿ. ಸ್ಮಿತ್ತನದು ಎರಡರಷ್ಟು ಬಿಗಿ. ಲೆಕ್ಕದಲ್ಲಿ ಇದು ಅಲ್ಪ. ತಂತಿಯನ್ನು ಎಳೆದು ಗಮಕ ತೆಗೆಯುವ ಬೆರಳಿಗೆ ಅಲ್ಪವಲ್ಲ. ಮುಂದೆ ಸ್ಮಿತ್ ಕಂಪೆನಿ ೨೪.೫೯೪ ಅಂಗುಲದ ಮಾದರಿಯನ್ನೂ ಮಾಡಿ, ಅದರ ಕೊನೆಯ ಮೂರಂಕಿಯನ್ನೇ ಅದಕ್ಕೆ ಹೆಸರಾಗಿ ಇಟ್ಟಿತು. ಇಲ್ಲಿ ಮಾತ್ರ ತುಲ್ಯದೇಹಿ ಸ್ವಲ್ಪ ಕನ್ನಡಿಯ ಕಡೆಗೆ ಜರುಗಿದೆಯೆಂದು ಹೇಳದೆ ವಿಧಿಯಿಲ್ಲ.

ಎರಡನೆಯದು ಶ್ರುತಿಯ ನಿಲುವು. ಗಿಬ್ಸನ್ನಿನ ತಲೆಯಲ್ಲಿ ತಂತಿಗಳು ಕತ್ತನ್ನು ದಾಟಿದೊಡನೆ ಇಕ್ಕೆಲಕ್ಕೂ ಹೊರಳುತ್ತವೆ. ನಡುವಿನ ತಂತಿಗಳು ಹೆಚ್ಚು ಹೊರಳುವುದರಿಂದ ಕಟ್ಟೆಯ ಸೀಳಿನಲ್ಲಿ ಸಿಕ್ಕಿಕೊಂಡು ಶ್ರುತಿ ಜಾರುವುದುಂಟು. ಸ್ಮಿತ್ ತಲೆಯನ್ನು ಕಿರಿದು ಮಾಡಿ ತಂತಿಗಳು ಬಹುಮಟ್ಟಿಗೆ ನೇರವಾಗಿ ಹಾಯುವಂತೆ ಮಾಡಿದ. ಮೂರನೆಯದು ಕತ್ತಿನ ಬಲ. ಗಿಬ್ಸನ್ನಿನ ತಲೆ ೧೭ ಡಿಗ್ರಿಯಷ್ಟು ಹಿಂದಕ್ಕೆ ಬಾಗಿದೆ, ಕತ್ತು ಮಹಾಗನಿಯದು, ಕತ್ತಿನ ಒಳಗಿನ ಕಬ್ಬಿಣದ ಸರಳನ್ನು ಬಿಗಿಮಾಡಲು ತಲೆಯ ಬುಡದಲ್ಲಿಯೇ ಮರವನ್ನು ತೋಡಿದ್ದಾರೆ. ಗಿಟಾರು ಬೆನ್ನಡಿಯಾಗಿ ಬಿದ್ದರೆ ಸರಿಯಾಗಿ ಅಲ್ಲಿಯೇ ಮುರಿಯುತ್ತದೆ. ರಿಪೇರಿಯವರಿಗೆ ಇದು ನಿತ್ಯದ ಕೆಲಸ. ನಾರ್ಲಿನ್ ಕಾಲದಲ್ಲಿ ಬಾಗನ್ನು ಕಡಮೆ ಮಾಡಿ ಅಲ್ಲೊಂದು ಗಂಟನ್ನು ಉಳಿಸಿ ಇದನ್ನು ತಿದ್ದಿದ್ದರು. ಅಭಿಮಾನಿಗಳು ಹಳೆಯದೇ ಬೇಕೆಂದು ಕೇಳಿದ್ದರಿಂದ ತಿದ್ದುಪಡಿ ಬಿದ್ದುಹೋಯಿತು. ಭಕ್ತಿ ಎಷ್ಟು ದುಬಾರಿಯಾಗಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ನಾಲ್ಕನೆಯದು ತೂಕ. ಲೆಸ್ ಪಾಲ್ ಗಿಟಾರು ನಾಲ್ಕು ಕಿಲೋಗ್ರಾಮಿಗೆ ಹೆಚ್ಚುಕಡಮೆಯಾಗಿ ತೂಗುತ್ತದೆ. ಅಂಗಡಿಯಲ್ಲಿ ಐದು ನಿಮಿಷ ಹಿಡಿದಾಗ ತೋರದ ಭಾರ ಎರಡು ಗಂಟೆ ನಿಂತು ನುಡಿಸಿದಾಗ ಹೆಗಲಿಗೆ ತಿಳಿಯುತ್ತದೆ. ಎಂಬತ್ತರ ದಶಕದಿಂದ ಗಿಬ್ಸನ್ನರು ಹಲವು ಮಾದರಿಗಳ ಒಡಲನ್ನು ಒಳಗೊಳಗೇ ಕೊರೆದು ಹಗುರ ಮಾಡುತ್ತ ಬಂದಿದ್ದಾರೆ. ಜಪಾನಿನ ಇ.ಎಸ್.ಪಿ. ಕಂಪೆನಿಯ ‘ಎಕ್ಲಿಪ್ಸ್’ ಒಡಲನ್ನೇ ತೆಳುಮಾಡಿ ಇದೇ ಸಮಸ್ಯೆಗೆ ಬೇರೆ ಉತ್ತರ ಹೇಳುತ್ತದೆ. ಬಿರುಸಿನ ಸಂಗೀತ ನುಡಿಸುವವರಿಗೆ ಅದು ಹಿತ.

ಇನ್ನು ದನಿ. ಇಲ್ಲಿ ಜಾಹೀರಾತಿನ ಭಾಷೆಯಿಂದ ಕಿವಿಯನ್ನು ಕಾಪಾಡಿಕೊಳ್ಳಬೇಕು. ‘ಬೆಚ್ಚನೆಯ ದನಿ’, ‘ಮರದ ಮಾತು’, ‘ಆತ್ಮವುಳ್ಳ ಗಿಟಾರು’ ಎಂಬ ಮಾತುಗಳು ‘ಮನೋಜ್ಞವಾದ ಶೈಲಿ’ ಎಂಬ ನಮ್ಮ ಪುಸ್ತಕ ವಿಮರ್ಶೆಯ ಮಾತಿನ ಅಣ್ಣತಮ್ಮಂದಿರು; ಎಲ್ಲಕ್ಕೂ ಹೊಂದುತ್ತವೆ, ಯಾವುದನ್ನೂ ಹೇಳುವುದಿಲ್ಲ. ಸ್ಮಿತ್ ಗಿಟಾರಿಗೆ ಆತ್ಮವಿಲ್ಲ, ಅದು ವಕೀಲರೂ ವೈದ್ಯರೂ ಗೋಡೆಗೆ ತೂಗುಹಾಕುವ ವಸ್ತು ಎಂಬ ನಿಂದೆ ಪ್ರಚಾರದಲ್ಲಿದೆ. ಇದು ವಾದ್ಯದ ವಿಮರ್ಶೆಯಲ್ಲ, ಕೊಳ್ಳುವವರ ಮೇಲಿನ ಅಸಹನೆ. ನಿರ್ದುಷ್ಟತೆಯೇ ದೋಷವೆಂದು ವಾದಿಸುವವರು ವಾದ್ಯಕ್ಕಿಂತ ಅದರ ಪುರಾಣವನ್ನು ಹೆಚ್ಚು ಪ್ರೀತಿಸುತ್ತಾರೆ. ಹಾಗೆಂದು ಗಿಬ್ಸನ್ನಿನ ಗುಣ ಬರಿಯ ಪುರಾಣವೆಂದೂ ನಾನು ಹೇಳಲಾರೆ. ಸಡಿಲ ತಂತಿಯ ಮೆತ್ತನೆಯ ಎಳೆತ, ಹಂಬಕರಿನ ನಡುಸ್ಥಾಯಿಯ ದಟ್ಟಣೆ, ಅರವತ್ತರ ದಶಕದಿಂದ ನಮ್ಮ ಕಿವಿಯಲ್ಲಿ ನಿಂತ ಆ ದನಿಗೆ ಅತ್ಯಂತ ಸಮೀಪವಾದ ಉಚ್ಚಾರಣೆ: ಇವು ಅದರ ನಿಜವಾದ ಬಂಡವಾಳ.

ಇದರಿಂದ ಹೊರಡುವ ತೀರ್ಮಾನ ಇಷ್ಟು. ಕಲಿಯತೊಡಗಿದ ಮಕ್ಕಳಿಗೆ ಎಪಿಫೋನ್ ಲೆಸ್ ಪಾಲ್ ಸಾಕು. ಇಲ್ಲವೆ ಸ್ಮಿತ್ ಕಂಪೆನಿ ಏಷ್ಯದಲ್ಲಿ ಮಾಡಿಸುವ ‘ಎಸ್.ಇ.’ ಶ್ರೇಣಿಯ ಗಿಟಾರು ಸಾಕು. ಇವೆರಡರಲ್ಲಿ ಕೈಗೆ ಯಾವುದು ಕೂಡುತ್ತದೆಯೋ ಅದು. ಹೆಸರಿನ ಆಸೆಗೆ ಸಾಲಮಾಡಿ ಅಮೆರಿಕದ್ದನ್ನು ತರಿಸುವುದು ಅವಿವೇಕ. ಊರೂರು ತಿರುಗಿ ಕಚೇರಿ ಮಾಡುವವರು, ರೆಕಾರ್ಡಿಂಗಿನ ಕೊಠಡಿಯಲ್ಲಿ ಶ್ರುತಿ ಜಾರಿದರೆ ನಷ್ಟಪಡುವವರು ಸ್ಮಿತ್ ಗಿಟಾರನ್ನು ಆರಿಸಿದರೆ ಯಾರೂ ತಪ್ಪು ಹೇಳುವಂತಿಲ್ಲ. ಬ್ಲೂಸ್ ಪರಂಪರೆಯ ಆ ಒಂದೇ ದನಿಗೆ ಮನಸೋತವರು, ಅದಕ್ಕಾಗಿ ಕತ್ತಿನ ಬಲಹೀನತೆಯನ್ನೂ ಶ್ರುತಿಯ ಚಾಂಚಲ್ಯವನ್ನೂ ಸಹಿಸಬಲ್ಲವರು ಗಿಬ್ಸನ್ನನ್ನು ಕೊಳ್ಳಲಿ. ಆದರೆ ಕಣ್ಣು ಮುಚ್ಚಿ ನುಡಿಸಿ, ಕಿವಿಯಿಂದ ಆರಿಸಲಿ. ಒಂದೇ ದಿನ ಒಂದೇ ಕಾರ್ಖ಼ಾನೆಯಿಂದ ಹೊರಟ ಎರಡು ಗಿಟಾರುಗಳು ಒಂದರಂತೆ ಒಂದು ಇರುವುದಿಲ್ಲ.

ಕಡೆಯದಾಗಿ ಒಂದು ಮಾತು. ಈ ಗಿಟಾರುಗಳ ಬೆರಳು ಓಡಾಡುವ ಹಲಗೆ ಬಹುಮಟ್ಟಿಗೆ ಬೀಟೆಯದು. ಬ್ರೆಜಿಲ್ಲಿನ ಬೀಟೆ ಕಡಿದು ಮುಗಿಯುತ್ತ ಬಂದಂತೆ ಅರವತ್ತರ ದಶಕದ ಉತ್ತರಾರ್ಧದಿಂದ ಭಾರತದ ಬೀಟೆ ಆ ಸ್ಥಾನಕ್ಕೆ ಬಂತು. ನಮ್ಮ ಮಲೆನಾಡು ಕೊಡಗುಗಳ ಕಾಡಿನಲ್ಲಿ ಬೆಳೆಯುವ ಜಾತಿಯೇ ಅದು. ೨೦೧೧ರಲ್ಲಿ ಅಮೆರಿಕದ ಸರ್ಕಾರ ಗಿಬ್ಸನ್ ಕಾರ್ಖಾನೆಗಳ ಮೇಲೆ ದಾಳಿ ಮಾಡಿದಾಗ ವಶಪಡಿಸಿಕೊಂಡದ್ದರಲ್ಲಿ ಭಾರತದಿಂದ ಬಂದ ಬೀಟೆ ಮತ್ತು ಕರಿಮರದ ಪಟ್ಟಿಗಳಿದ್ದವು. ೨೦೧೨ರ ಒಪ್ಪಂದದಲ್ಲಿ, ಮಡಗಾಸ್ಕರಿನ ಕರಿಮರದ ಸಲುವಾಗಿ, ಕಂಪೆನಿ ಮೂರು ಲಕ್ಷ ಡಾಲರು ದಂಡ ತೆತ್ತಿತು. ೨೦೧೭ರಲ್ಲಿ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿತು. ೨೦೧೯ರಲ್ಲಿ ಸಿದ್ಧವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆಕಾರ ನನ್ನದು, ತಲೆ ನನ್ನದು, ಹೆಸರು ನನ್ನದು ಎಂದು ಕಂಪೆನಿಗಳು ನ್ಯಾಯಾಲಯದಲ್ಲಿ ಹೊಡೆದಾಡುತ್ತಿರುವಾಗ ಮರ ಯಾರದೆಂದು ಯಾರೂ ಕೇಳುವುದಿಲ್ಲ. ಒಂದು ಬೀಟೆ ಬಲಿಯಲು ಮನುಷ್ಯನ ಆಯುಸ್ಸು ಸಾಲದು.

ಪರಂಪರೆ ಎಂಬುದು ಯಾವ ಕಂಪೆನಿಯ ಪೆಟ್ಟಿಗೆಯಲ್ಲಿಯೂ ಇಲ್ಲ. ಅದನ್ನು ಮಾಡಿದವನು, ನುಡಿಸಿದವನು, ಕೇಳಿದವನು, ಅದಕ್ಕೆ ಮರವಿತ್ತ ಕಾಡು, ಎಲ್ಲರಿಗೂ ಅದರಲ್ಲಿ ಪಾಲಿದೆ. ಗಿಟಾರನ್ನು ಕೊಳ್ಳುವವನು ತೆರುವ ಹಣ ಒಂದು ಹೆಸರಿಗೆ ಸಲ್ಲುತ್ತದೆ. ಉಳಿದವರ ಋಣವನ್ನು ಅವನು ತೀರಿಸಬೇಕಾದದ್ದು ಅದನ್ನು ಚೆನ್ನಾಗಿ ನುಡಿಸಿಯೇ.